ನಾವು ಕೂಡಿಸಿದ ರುಜುಗಳು

ಅಂಬ್ಲಿಗೊಳದ ನಮ್ಮ ಮನೆಯ ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯೊಂದಿದೆ. ಅದರಲ್ಲಿ ಹೊನ್ನಿಲ್ಲ, ಬೆಳ್ಳಿಯಿಲ್ಲ. ಮನೆಗೆ ಬಂದ ನೆಂಟರು ಕುತೂಹಲದಿಂದ ಮುಚ್ಚಳ ತೆಗೆಸಿ ನೋಡಿ, ‘ಇಷ್ಟೇನೆ?’ ಎಂದು ಏಣಿಯಿಳಿದು ಕಾಫಿಗೆ ಹೊರಟುಹೋಗುವಂಥ ಸರಕು ಅದು. ಹಳೆಯ ಕಾಗದಗಳು, ನಾಲ್ಕಾರು ಓಲೆಗರಿಯ ಕಟ್ಟುಗಳು, ಒಂದು ಕಡತ, ಎಲ್ಲಕ್ಕೂ ಮೇಲೆ ಕೆಂಪು ರಟ್ಟಿನ ಒಂದು ಪುಸ್ತಕ. ಆ ಪುಸ್ತಕದ ತುಂಬ ರುಜುಗಳನ್ನು ಅಂಟಿಸಿದ್ದೇವೆ. ನಮ್ಮ ಮನೆಯವರು ಈ ಪೆಟ್ಟಿಗೆಗೆ ‘ಎರಡನೆಯ ಸಂಸಾರ’ವೆಂದು ಹೆಸರಿಟ್ಟು ಬಹಳ ವರ್ಷಗಳಾದುವು. ಹೆಸರು ಅಷ್ಟೇನೂ ತಪ್ಪಲ್ಲ. ಮೊದಲನೆಯ ಸಂಸಾರಕ್ಕೆ ಸಲ್ಲಬೇಕಾಗಿದ್ದ ಭಾನುವಾರಗಳನ್ನು ನಾವು ಈ ಎರಡನೆಯದಕ್ಕೆ ಧಾರೆಯೆರೆದುದುಂಟು.

ಈ ಹುಚ್ಚು ನಮಗೆ ಹತ್ತಿದುದು ಶಿವಮೊಗ್ಗದಲ್ಲಿ ಓದುತ್ತಿದ್ದಾಗ, 1967ರ ಸುಮಾರಿಗೆ. ವಾಚನಾಲಯದ ಮೇಜಿನ ಮೇಲೆ ಅಮೆರಿಕದ ಒಂದು ಸಚಿತ್ರ ಪತ್ರಿಕೆ ಬಿದ್ದಿತ್ತು. ಅದರಲ್ಲಿ ಆ ದೇಶದವರ 1776ನೆಯ ಇಸವಿಯ ಸ್ವಾತಂತ್ರ್ಯ ಘೋಷಣೆಯ ಪತ್ರವನ್ನೂ, ಅದರ ಅಡಿಯಲ್ಲಿ ರುಜು ಹಾಕಿದ 56 ಮಂದಿಯ ಹಸ್ತಾಕ್ಷರಗಳನ್ನೂ ಇದ್ದಂತೆಯೇ ಅಚ್ಚುಮಾಡಿದ್ದರು. ನಟ್ಟನಡುವೆ ಸಭಾಧ್ಯಕ್ಷನಾದ ಜಾನ್ ಹ್ಯಾನ್‌ಕಾಕನ ರುಜು; ಉಳಿದವರೆಲ್ಲ ಸಾಲಾಗಿ ಕುಳಿತಿರುವಾಗ ತಾನೊಬ್ಬನೇ ಎದ್ದುನಿಂತು ಮಾತನಾಡುವವನಂತೆ ಅದು ದೊಡ್ಡದಾಗಿ ಕಾಣುತ್ತಿತ್ತು. ಅಮೆರಿಕದವರ ಆಡುಮಾತಿನಲ್ಲಿ ಇಂದಿಗೂ ಆತನ ಹೆಸರೆಂದರೆ ರುಜುವೆಂದೇ ಅರ್ಥ. ಈ 56 ಮಂದಿಯ ಕೈಬರಹಗಳನ್ನೂ ಒಂದೊಂದಾಗಿ ಸಂಪಾದಿಸಿ ಮಾಲೆಯನ್ನು ಪೂರ್ಣಮಾಡುವುದು ಅಲ್ಲಿನ ಸಂಗ್ರಾಹಕರಿಗೆ ಪರಮ ಪುರುಷಾರ್ಥವೆಂದು ಲೇಖನದಲ್ಲಿ ಹೇಳಿತ್ತು. ಫ್ರಾಂಕ್ಲಿನ್ನನಾಗಲಿ ಜೆಫರ್‌ಸನ್ನನಾಗಲಿ ದೀರ್ಘಕಾಲ ಬದುಕಿ ಧಾರಾಳವಾಗಿ ಬರೆದವರು. ಹಣವಿದ್ದವರಿಗೆ ಅವರ ಕಾಗದಗಳು ದೊರೆತಾವು. ದೊರೆಯದವನು ಬಟನ್ ಗ್ವಿನೆಟ್ ಎಂಬ ಜಾರ್ಜಿಯಾ ಸೀಮೆಯ ವರ್ತಕ. ಘೋಷಣೆಗೆ ರುಜು ಹಾಕಿದ ಮರುವರ್ಷವೇ, 1777ರಲ್ಲಿ, ಆತ ದ್ವಂದ್ವಯುದ್ಧದಲ್ಲಿ ಗುಂಡೇಟು ತಿಂದು ಸತ್ತನು. ಉಳಿದ ಅವನ ರುಜುಗಳು ಕೆಲವೇ ಹತ್ತುಗಳಷ್ಟು. ಅವುಗಳಲ್ಲಿಯೂ ಕೆಲವು ಸಾಲಪತ್ರದ ಮೇಲಿನವು. ಅಂಥವನ ರುಜುವಿದ್ದ ಒಂದು ಕಾಗದ 1927ರಲ್ಲಿ 51 ಸಾವಿರ ಡಾಲರಿಗೆ ಮಾರಾಟವಾಯಿತು! ಬದುಕಿದ್ದಾಗ ಆತನ ರುಜುವನ್ನು ನಂಬಿ ಸಾಲ ಕೊಟ್ಟವರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

ಈ ವಿದ್ಯೆಗೆ ಆ ದೇಶದಲ್ಲಿ ಮೂಲಪುರುಷರೆನಿಸಿದವರಲ್ಲಿ ವಿಲಿಯಂ ಸ್ಪ್ರೇಗ್ ಎಂಬ ಪಾದ್ರಿಯೊಬ್ಬನು. ಆತ ಚಿಕ್ಕಂದಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೋದರಿಯ ಮಗನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದನು. ವಾಷಿಂಗ್ಟನ್ನನ ಕಾಗದಗಳು ಬಂಧುಗಳ ವಶದಲ್ಲಿದ್ದುವು. ‘ನಕಲು ಬರೆದಿಟ್ಟು ಮೂಲವನ್ನು ಕೊಂಡುಹೋಗು’ ಎಂದು ಅವರು ಅಪ್ಪಣೆ ಕೊಟ್ಟರು. ಹುಡುಗ ಮೇಷ್ಟ್ರು ಕುಳಿತು ನಕಲು ಬರೆದನು, ಸಾವಿರಕ್ಕೂ ಮಿಕ್ಕ ಕಾಗದಗಳನ್ನು ಹೊತ್ತುಕೊಂಡು ಊರಿಗೆ ಹೋದನು. ಇದನ್ನು ಓದಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ನಾವೂ ಮೇಷ್ಟ್ರಾಗಬೇಕೆಂದಿದ್ದವರೇ! ಕಾಗದದ ಕಟ್ಟುಗಳಿದ್ದ ಮನೆಗಳು ನಮ್ಮ ಸೀಮೆಯಲ್ಲಿ ಇಲ್ಲವೆ?

ಇದ್ದುವು. ಶಿಕಾರಿಪುರ, ಸೊರಬಗಳ ನಮ್ಮ ಸೀಮೆ ಬರಹಕ್ಕೆ ಹೊಸದಲ್ಲ. ತಾಳಗುಂದದ ಕಂಬದ ಮೇಲೆ, ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ಕದಂಬರ ಕೀರ್ತಿಯನ್ನು ಸಂಸ್ಕೃತದಲ್ಲಿ ಹಾಡಿ, ಈ ಕಾವ್ಯವನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಂಡಿದ್ದಾನೆ. ಸಾವಿರದೈನೂರು ವರ್ಷಗಳಿಂದ ಬಿಸಿಲು ಮಳೆಗಳಲ್ಲಿ ನಿಂತಿರುವ ಆ ಕಂಬಕ್ಕಿಂತ ಹಳೆಯದಾದ ಕವಿಯ ಸ್ವಹಸ್ತಾಕ್ಷರ ಎಷ್ಟು ದೇಶಗಳಲ್ಲಿದ್ದೀತು? ರೈಸ್ ಸಾಹೇಬರು ಶಿಕಾರಿಪುರದ ಶಾಸನಗಳನ್ನು 1902ರ ಸಂಪುಟದಲ್ಲಿಯೂ ಸೊರಬದವನ್ನು 1904ರದರಲ್ಲಿಯೂ ಅಚ್ಚುಹಾಕಿಸಿದರು. ಕಲ್ಲುಗಳು ಇದ್ದಲ್ಲಿಯೇ ಉಳಿದುವು. ಕಲ್ಲಿಗೆ ಇರುವ ದೊಡ್ಡ ಗುಣವೇ ಅದು, ಯಾರೂ ಜೇಬಿನಲ್ಲಿಟ್ಟುಕೊಂಡು ಹೋಗಲಾರರು. ಕಾಗದಕ್ಕೆ ಆ ಭಾಗ್ಯವಿಲ್ಲ.

ಆದರೆ ರುಜುವೆಂಬುದನ್ನು ಹುಡುಕಹೊರಟವನಿಗೆ ನಮ್ಮ ದೇಶದಲ್ಲಿ ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ನಮ್ಮ ಅರಸರು ಬರೆಯುತ್ತಿರಲಿಲ್ಲ, ಬರೆಯುವವರು ರಾಯಸದವರು. ಅರಸನು ಕೊನೆಯಲ್ಲಿ ಒಂದು ಒಪ್ಪ ಹಾಕುವನು, ಅದೂ ತನ್ನ ಹೆಸರಿನದಲ್ಲ. ವಿಜಯನಗರದ ತಾಮ್ರಶಾಸನಗಳ ಮೈಯೆಲ್ಲ ನಾಗರಿಯಲ್ಲಿದ್ದರೂ ಕಡೆಯ ಒಪ್ಪ ಮಾತ್ರ ಕನ್ನಡದಲ್ಲಿ, ‘ಶ್ರೀ ವಿರೂಪಾಕ್ಷ’ ಎಂದು. ಕೆಳದಿಯ ನಾಯಕರ ನಾಣ್ಯಗಳ ಮೇಲೆ ‘ಶ್ರೀ ಸದಾಶಿವ’. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ರುಜು ‘ಶ್ರೀಕೃಷ್ಣ’. ಹ್ಯಾನ್‌ಕಾಕನು ಕಾಗದದ ನಡುವೆ ತನ್ನ ಹೆಸರನ್ನು ಬೀಸಿ ಬರೆದನು. ನಮ್ಮವರು ದೇವರ ಹೆಸರನ್ನು ಬರೆದು ಹಿಂದೆ ಸರಿದರು. ಹೈದರಾಲಿಯ ಸಂಗತಿ ಇನ್ನೂ ವಿನೋದವಾದುದು. ಓದುಬರಹವಿಲ್ಲದ ಆ ಧೀರನು ತನ್ನ ಹೆಸರಿನ ಮೊದಲಕ್ಷರವೊಂದನ್ನೇ ಕಲಿತು, ಅದನ್ನೂ ತಿರುವುಮುರುವಾಗಿ ಬರೆಯುತ್ತಿದ್ದನೆಂದು ಇಂಗ್ಲಿಷ್ ಚರಿತ್ರಕಾರರು ಹೇಳುತ್ತಾರೆ. 1763ರಲ್ಲಿ ನಮ್ಮ ಬಿದನೂರನ್ನು ಗೆದ್ದ ಕೈ ಅದೇ.

ಇವೆಲ್ಲ ದೊಡ್ಡವರ ಮಾತಾಯಿತು. ನಮ್ಮ ಕೈಗೆ ಸಿಕ್ಕುವಂತಿದ್ದುದು ಹಳ್ಳಿಯ ಮನೆಗಳ ಕಾಗದ. ಮೇಷ್ಟ್ರ ಕೆಲಸ ಸಿಕ್ಕಿ ಊರಿಗೆ ಬಂದ ಮೇಲೆ ರಜಾದಿನಗಳಲ್ಲಿ ಸೈಕಲ್ ಹತ್ತಿ ಹೊರಟೆವು. ಯಾವ ಮನೆಯಲ್ಲಿ ಹಿಂದೆ ಶಾನುಭೋಗಿಕೆಯಿತ್ತು, ಯಾವ ಮನೆಯಲ್ಲಿ ಪಟೇಲಿಕೆಯಿತ್ತು, ಯಾವ ಮನೆಯವರು ಅಡಕೆಯ ವ್ಯಾಪಾರಕ್ಕೆ ಘಟ್ಟವಿಳಿಯುತ್ತಿದ್ದರು ಎಂದು ವಿಚಾರಿಸಿಕೊಂಡು ಜಗಲಿಯ ಮೇಲೆ ಕುಳಿತರೆ, ಬೆಲ್ಲ ನೀರು ಬರುತ್ತಿತ್ತು, ಎಲೆಯಡಕೆಯ ತಟ್ಟೆ ಬರುತ್ತಿತ್ತು, ಕೊನೆಗೆ ಅಟ್ಟದಿಂದ ಧೂಳು ಕವಿದ ಒಂದು ಗಂಟೂ ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ನಾವು ಒಂದು ದೀಪಾವಳಿ ತಡವಾಗಿ ಹೋಗಿದ್ದೆವು. ಹಬ್ಬಕ್ಕೆ ಮನೆ ಚೊಕ್ಕಟಮಾಡಿದಾಗ ಗಂಟು ಬಚ್ಚಲ ಒಲೆಗೆ ಹೋಗಿ ಹಂಡೆಯ ನೀರು ಕಾಯಿಸಿತ್ತು. ಓಲೆಗರಿಯನ್ನು ಸುಡಲು ಮನಸ್ಸು ಬಾರದವರು, ಸರಸ್ವತಿಯೆಂದು ಕೈಮುಗಿದು ಹೊಳೆಗೆ ಬಿಟ್ಟಿದ್ದರು. ಶರಾವತಿಯ ಮುಳುಗಡೆಯಲ್ಲಿ ಮನೆ ಬಿಟ್ಟು ಬಂದ ಒಂದು ಕುಟುಂಬದವರು, 1964ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ದನಕರುಗಳನ್ನು ಮೊದಲು ಸಾಗಿಸಿ ಕಾಗದದ ಪೆಟ್ಟಿಗೆಗೆ ತಿರುಗಿ ಹೋಗುವಷ್ಟರಲ್ಲಿ ದಾರಿಯೇ ಇರಲಿಲ್ಲವೆಂದು ನಮಗೆ ಹೇಳಿದರು.

ಉಳಿದುವುಗಳಲ್ಲಿ ಕಡತವೊಂದು ನಮ್ಮ ಪೆಟ್ಟಿಗೆಯ ಒಡವೆ. ಇಂದಿನ ಮಕ್ಕಳಿಗೆ ಕಡತವೆಂದರೆ ಕಚೇರಿಯ ಫೈಲು. ಹಿಂದೆ ಅದು ಬಟ್ಟೆ. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಯ ಬಟ್ಟೆಗೆ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡು ಮೈಗೂ ಬಳಿದು, ಒಣಗಿಸಿ, ಕತ್ತರಿಸದೆ ಪುಸ್ತಕದಂತೆ ಮಡಿಸಿ, ಎರಡು ಕೊನೆಗೂ ಮರದ ಹಲಗೆ ಕಟ್ಟುತ್ತಿದ್ದರೆಂದು ವಿಲ್ಕ್ಸ್ ದೊರೆ 1810ರಲ್ಲಿ ಅಚ್ಚಾದ ತನ್ನ ಮೈಸೂರಿನ ಚರಿತ್ರೆಯಲ್ಲಿ ಬರೆದಿದ್ದಾನೆ. ಬರೆಯುವುದು ಬಳಪದಲ್ಲಿ. ಬೇಡವಾದರೆ ಒರಸಬಹುದು, ಬೇಕೆಂದರೆ ತಲೆಮಾರುಗಳ ಕಾಲ ಇರಿಸಬಹುದು. ನಮ್ಮ ಕಡತದಲ್ಲಿರುವುದು ಭತ್ತದ ಲೆಕ್ಕ, ಅಡಕೆಯ ಲೆಕ್ಕ, ಒಂದು ಮದುವೆಯಲ್ಲಿ ಯಾರು ಎಷ್ಟು ತೆಂಗಿನಕಾಯಿ ಕೊಟ್ಟರೆಂಬ ಪಟ್ಟಿ. ಅದರಲ್ಲಿ ಯಾರ ರುಜುವೂ ಇಲ್ಲ. ಆ ಕಾರಣದಿಂದಲೇ ಬಹುಕಾಲ ಅದನ್ನು ನಾವು ಪೆಟ್ಟಿಗೆಯ ಅಡಿಯಲ್ಲಿ ಹಾಸಿಗೆಯಂತೆ ಹಾಸಿದ್ದೆವು.

ಈಗ ಹೇಳಬೇಕಾದ ಮಾತಿಗೆ ಬರುತ್ತೇವೆ. ಅದನ್ನು ಹೇಳಲೆಂದೇ ಇಷ್ಟು ಪೀಠಿಕೆಯಾಯಿತು.

1971ರ ಬೇಸಗೆಯಲ್ಲಿ ಸಮೀಪದ ಒಂದು ಹಳ್ಳಿಗೆ ಹೋಗಿದ್ದೆವು. ಹಳ್ಳಿಯ ಹೆಸರು ಬೇಡ. ಸಾಧಾರಣ ಸ್ಥಿತಿಯ ಒಕ್ಕಲಿನ ಮನೆ. ಮನೆಯಲ್ಲಿ ಎಂಬತ್ತರ ಅಜ್ಜಿಯೊಬ್ಬರೇ ಇದ್ದರು. ಉಳಿದವರು ಗದ್ದೆಗೆ ಹೋಗಿದ್ದರು. ನಮ್ಮ ಮಾತು ಕೇಳಿ ಅಜ್ಜಿ ಒಳಗೆ ಹೋಗಿ, ಬಿದಿರಿನ ಒಂದು ಕೊಳವೆಯನ್ನು ತಂದು ಮುಂದಿಟ್ಟರು. ಅದರೊಳಗೆ ಸುರುಳಿ ಸುತ್ತಿದ ಒಂದು ಕಾಗದ.

“ಇದು ನೀರಿನ ಕಾಗದ ಅಂತಿದ್ರು ನಮ್ಮ ಮಾವಯ್ಯ. ನಮ್ಗೆ ಯಾರಿಗೂ ಓದಕ್ಕೆ ಬರಲ್ಲ. ತಗೊಂಡ್ಹೋಗು ತಮ್ಮಾ, ಓದಿ ನೋಡಿ ತಂದ್ಕೊಡು.”

“ಹೂಂ ಅಜ್ಜೀ, ತಂದುಕೊಡ್ತೀನಿ” ಎಂದೆವು.

ಮನೆಗೆ ತಂದು ಬಿಡಿಸಿದೆವು. ರಾಕ್ಷಸ ಸಂವತ್ಸರದ ಮುಚ್ಚಳಿಕೆ. ಎಂದರೆ 1855ರೋ 1856ರೋ, ಮಾರ್ಕ್ ಕಬ್ಬನ್ ಸಾಹೇಬರು ಮೈಸೂರಿನ ಕಮಿಷನರಾಗಿದ್ದ ಕಾಲದ್ದು. ಊರ ಕೆರೆಯ ಒಂದು ತೂಬಿನ ಕೆಳಗೆ ಗದ್ದೆ ಉಳುವವರೆಲ್ಲ ಸೇರಿ, ಯಾರಿಗೆ ಯಾವ ದಿನ ಯಾವ ಹೊತ್ತು ನೀರು ಎಂದು ಬರೆದುಕೊಂಡ ಕರಾರು. ಬರೆದವನು ಶಾನುಭೋಗ. ಒಪ್ಪಿದವರಿಗೆ ಬರಹ ಬಾರದು. ಅವರ ಹೆಸರುಗಳನ್ನು ಶಾನುಭೋಗನೇ ಬರೆದು, ಎದುರಿಗೆ ಅವರವರ ಕೈಯಿಂದ ಗುರುತು ಹಾಕಿಸಿದ್ದನು. ಆರೋ ಏಳೋ ನೇಗಿಲುಗಳು; ಒಂದು ತಕ್ಕಡಿ, ಅಂಗಡಿಯವನದಿರಬೇಕು; ಅಂಚಿನಲ್ಲಿ ಒಂದು ಬಳೆ, ಅದು ಹೆಂಗಸಿನ ಗುರುತು. ಒಂದು ನೇಗಿಲಿಗೆ ಮೇಳಿಯೇ ಇರಲಿಲ್ಲ. ನೋಡಿ ನಕ್ಕಿದ್ದು ನೆನಪಿದೆ. ಎಲ್ಲಕ್ಕೂ ಕೆಳಗೆ ತಾಲ್ಲೂಕು ಕಚೇರಿಯ ಒಪ್ಪಿಗೆಯಾಗಿ ಅಮಲ್ದಾರರ ರುಜು, ಮೋಡಿ ಅಕ್ಷರದಲ್ಲಿ, ಬಳ್ಳಿ ಹಬ್ಬಿದಂತೆ ಸುತ್ತಿ ಸುತ್ತಿ ಬರೆದದ್ದು.

ನಮಗಾಗ ಮೋಡಿ ಓದಲು ಬರುತ್ತಿರಲಿಲ್ಲ. ಆದರೂ ಅದೇ ನಮಗೆ ‘ರುಜು’ವಾಗಿ ಕಂಡಿತು. ಕಾಗದ ಹುಳು ಹಿಡಿದು ಅಲ್ಲಲ್ಲಿ ತೂತಾಗಿತ್ತು. ಕೆಂಪು ಪುಸ್ತಕದ ಪುಟಕ್ಕಿಂತ ಅದರ ಅಗಲ ಹೆಚ್ಚು. ಕತ್ತರಿ ತೆಗೆದುಕೊಂಡೆವು. ಅಮಲ್ದಾರರ ರುಜುವನ್ನು ನಾಲ್ಕು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಮೈದಾ ಅಂಟಿನಿಂದ ಪುಸ್ತಕದಲ್ಲಿ ಅಂಟಿಸಿ, ಕೆಳಗೆ ದುಂಡಾಗಿ ‘ಅಮಲ್ದಾರರು, ಸುಮಾರು 1855’ ಎಂದು ಬರೆದೆವು. ಉಳಿದ ಭಾಗ ಮೇಜಿನ ಮೇಲೆ ಎರಡು ದಿನ ಇತ್ತು. ಮೂರನೆಯ ದಿನ ಕಸದ ಬುಟ್ಟಿಗೆ ಹೋಯಿತು. ಬುಟ್ಟಿಯ ಕಸ ಸಂಜೆ ಎಲ್ಲಿಗೆ ಹೋಗುತ್ತಿತ್ತೆಂದು ಮೇಲೆಯೇ ಹೇಳಿದ್ದೇವೆ. ಹಾಕಿದವರು ಬೇರೆ ಯಾರೂ ಅಲ್ಲ, ನಾವೇ. ಅಜ್ಜಿಗೆ ಕೊಟ್ಟ ಮಾತು ನೆನಪಿತ್ತೆ ಎಂದು ಕೇಳಿದರೆ, ಇತ್ತು. ಆದರೆ ಹುಳು ತಿಂದ ಕಾಗದ, ಓದಲು ಬಾರದ ಮನೆ, ಯಾರು ಕೇಳುತ್ತಾರೆ ಎಂದುಕೊಂಡೆವು. ಎರಡು ವರ್ಷಗಳಲ್ಲಿ ಅಜ್ಜಿ ತೀರಿಕೊಂಡರು.

ಕೆಂಪು ಪುಸ್ತಕ ಬೆಳೆಯಿತು. ನಾವು ಮೋಡಿಯನ್ನೂ ಅಷ್ಟಿಷ್ಟು ಕಲಿತೆವು. ಸ್ವಾತಂತ್ರ್ಯ ಹೋರಾಟಗಾರರ ರುಜು, ಸಾಹಿತಿಗಳ ಕಾರ್ಡುಗಳು, ಸೊರಬದ ಒಂದು ಮನೆಯಲ್ಲಿ ಸಿಕ್ಕ ದಿವಾನ್ ಕಚೇರಿಯ ಲಕ್ಕೋಟೆ, ಎಲ್ಲವೂ ಸೇರಿದುವು. ಸಮ್ಮೇಳನಗಳಲ್ಲಿ ನಾಲ್ಕು ಜನ ನೋಡಿ ಹೊಗಳಿದರು.

2009ರ ಫಾಲ್ಗುಣದಲ್ಲಿ, ಗದ್ದೆಗಳಲ್ಲಿ ಬೇಸಗೆಯ ಬೆಳೆಗೆ ನೀರಿನ ಗಲಾಟೆ ನಡೆಯುವ ಕಾಲದಲ್ಲಿ, ಒಬ್ಬಾತ ಬೈಕಿನಲ್ಲಿ ನಮ್ಮ ಮನೆಗೆ ಬಂದನು. ನಮ್ಮ ಕೈಕೆಳಗೆ ಓದಿದವನೇ. ಆ ಅಜ್ಜಿಯ ಮೊಮ್ಮಗನೆಂಬುದು ಮಾತ್ರ ನಮಗೆ ತಿಳಿದಿರಲಿಲ್ಲ. ಪೇಟೆಯಿಂದ ಬಾಳೆಹಣ್ಣು ತಂದಿದ್ದನು. ಕುಶಲ ಪ್ರಶ್ನೆಯಾದ ಮೇಲೆ ಸಂಕೋಚದಿಂದ ಕೇಳಿದನು:

“ಮೇಷ್ಟ್ರೇ, ನಮ್ಮಜ್ಜಿ ನಿಮ್ಗೆ ಒಂದು ಕಾಗದ ಕೊಟ್ಟಿದ್ರಂತೆ. ನೀರಿನ ಕಾಗದ. ನಿಮ್ಮತ್ರ ಭದ್ರವಾಗಿರ್ತದೆ ಅಂತ ನಮ್ಮಪ್ಪ ಹೇಳ್ತಿದ್ರು.”

ಸಂಗತಿ ಹೀಗಿತ್ತು. ಅವರಿಗೂ ಅವರ ದಾಯಾದಿಗಳಿಗೂ ನೀರಿನ ಸರದಿಯ ವಿಷಯದಲ್ಲಿ ತಕರಾರು ಬಂದಿತ್ತು. ಊರ ಹಿರಿಯರು ನ್ಯಾಯಕ್ಕೆ ಕುಳಿತಿದ್ದರು. ನಿಮ್ಮ ಮನೆಗೆ ಸರದಿ ಬಂದುದು ಹೇಗೆ ಎಂಬ ಪ್ರಶ್ನೆಗೆ ಇವರ ಮನೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಒಂದು ಕಥೆಯೇ ಉತ್ತರ. ಹಿಂದೆ ಇವರ ಮನೆಯ ಹೆಣ್ಣುಮಗಳೊಬ್ಬಳು ಗಂಡನನ್ನು ಕಳೆದುಕೊಂಡು, ಎದೆಹಾಲಿನ ಮಗುವನ್ನಿಟ್ಟುಕೊಂಡು ಬದುಕುತ್ತಿದ್ದಾಗ, ತೂಬಿನ ಕರಾರಿನಲ್ಲಿ ಅವಳ ಗದ್ದೆಯನ್ನು ಬಿಟ್ಟು ಬರೆಯಹೊರಟರಂತೆ. ಆಕೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಸಭೆಗೆ ಬಂದು, ‘ನನ್ನ ಗದ್ದೆಗೂ ಬಾಯಾರುತ್ತದೆ’ ಎಂದು ನಿಂತಳಂತೆ. ಕೊನೆಗೆ ಸರದಿ ಕೊಟ್ಟರು. ಗುರುತು ಹಾಕು ಎಂದಾಗ ಹೆಂಗಸರ ಗುರುತೆಂದು ಶಾನುಭೋಗ ಬಳೆಯನ್ನು ಬರೆಯಹೇಳಿದನು. ಕೈಯಲ್ಲಿ ಬಳೆಯಿಲ್ಲದವಳು ಕಾಗದದ ಮೇಲೆ ಬಳೆ ಬರೆದಳು.

“ಆ ಬಳೆ ಕಾಗದದಲ್ಲಿ ಐತಂತೆ. ಅದನ್ನ ತೋರಿಸಿದ್ರೆ ಸಾಕು, ಕೋರ್ಟು ಗೀರ್ಟು ಏನೂ ಬ್ಯಾಡ ಅಂದಾರೆ ಹಿರಿಯರು.”

ನಾವು ಏನು ಹೇಳಿದೆವೆಂದು ಬರೆಯಲು ಈಗಲೂ ಕೈ ಓಡದು. ಅಟ್ಟ ಹತ್ತಿದೆವು. ಕೆಂಪು ಪುಸ್ತಕವನ್ನು ತಂದು ಆ ಪುಟವನ್ನು ತೆರೆದು ಅವನ ಮುಂದೆ ಇಟ್ಟೆವು. ಅವನು ಪಟ್ಟಿಯನ್ನು ಬಹಳ ಹೊತ್ತು ನೋಡಿದನು.

“ಇದು ಯಾರ್ದು ಮೇಷ್ಟ್ರೇ?”

“ಅಮಲ್ದಾರರದು.”

“ನಮ್ಮೋರ್ದು?”

ನಮ್ಮ ಮನೆಯವರು ಕಾಫಿ ತಂದಿದ್ದರು; ತಟ್ಟೆ ಹಿಡಿದುಕೊಂಡೇ ನಿಂತರು. ಆಗ ಹೇಳಿದೆವು, ಇದ್ದುದನ್ನು ಇದ್ದಂತೆ. ಅವನು ಕೋಪಿಸಿಕೊಂಡಿದ್ದರೆ ಮೇಲಾಗಿತ್ತು. ‘ಆಗ್ಲಿ ಬಿಡಿ ಮೇಷ್ಟ್ರೇ, ನಮ್ಮನೇಲಿದ್ದಿದ್ರೂ ಇಲಿ ತಿಂತಿದ್ವು’ ಎಂದು ನಮಗೇ ಸಮಾಧಾನ ಹೇಳಿ, ಕಾಫಿ ಕುಡಿದು ಹೊರಟುಹೋದನು. ನಾವು ಮರುದಿನ ನ್ಯಾಯಕ್ಕೆ ಹೋಗಿ, ಕಾಗದವನ್ನು ಓದಿದ್ದೆವೆಂದೂ ಬಳೆಯ ಗುರುತನ್ನು ಕಂಡಿದ್ದೆವೆಂದೂ ಸಾಕ್ಷಿ ಹೇಳಿದೆವು. ‘ಯಾವ ವಾರ, ಯಾವ ಜಾವ ಅಂತ ಬರೆದಿತ್ತು ಮೇಷ್ಟ್ರೇ?’ ಎಂದು ಒಬ್ಬರು ವಿನಯದಿಂದಲೇ ಕೇಳಿದರು. ಮೇಳಿಯಿಲ್ಲದ ನೇಗಿಲು ನೆನಪಿತ್ತು, ಅದು ನೆನಪಿರಲಿಲ್ಲ. ಸರದಿಯನ್ನು ಅರ್ಧ ಮಾಡಿ ತೀರ್ಮಾನವಾಯಿತು. ಆ ಮನೆಯವರು ಅಂದಿನಿಂದ ಬೇಸಗೆಯಲ್ಲಿ ಅರ್ಧ ಗದ್ದೆಗೆ ಮಾತ್ರ ನಾಟಿಮಾಡುತ್ತಾರೆ.

ಇದಾದ ಮೇಲೆ ಅಮೆರಿಕದ ಇನ್ನೊಂದು ಕಥೆ ನಮ್ಮ ಕಣ್ಣಿಗೆ ಬಿತ್ತು. ಜ್ಯಾರೆಡ್ ಸ್ಪಾರ್ಕ್ಸ್ ಎಂಬ ಚರಿತ್ರಕಾರ ವಾಷಿಂಗ್ಟನ್ನನ ಕಾಗದಗಳನ್ನು ಬಂಧುಗಳಿಂದ ಎರವಲು ತಂದು ಗ್ರಂಥರೂಪದಲ್ಲಿ ಹೊರತಂದವನು. ಸಾಮಾನ್ಯನಲ್ಲ, ಮುಂದೆ ಹಾರ್ವರ್ಡ್ ವಿದ್ಯಾಪೀಠದ ಅಧ್ಯಕ್ಷನೂ ಆದನು. 1789ರಲ್ಲಿ ಅಧಿಕಾರ ವಹಿಸುವಾಗ ಮಾಡಬೇಕೆಂದು ವಾಷಿಂಗ್ಟನ್ ಬರೆಯಿಸಿ, ತನ್ನ ಕೈಯಿಂದಲೇ ಪ್ರತಿಮಾಡಿಕೊಂಡು, ಮಾಡದೆ ಬಿಟ್ಟ ಒಂದು ದೀರ್ಘ ಭಾಷಣದ ಕರಡು ಆ ಕಾಗದಗಳಲ್ಲಿತ್ತು. ಅಚ್ಚಿಗೆ ಯೋಗ್ಯವಲ್ಲವೆಂದು ಸ್ಪಾರ್ಕ್ಸನಿಗೆ ತೋರಿತು. ವಾಷಿಂಗ್ಟನ್ನನ ಕೈಬರಹ ಬೇಕೆಂದು ಕಾಡುವ ಮಿತ್ರರು ಬಹಳ. ಆತ ಕತ್ತರಿ ಹಿಡಿದು ಆ ಕರಡನ್ನು ತುಂಡುತುಂಡಾಗಿ ಕತ್ತರಿಸಿ ಪ್ರಸಾದದಂತೆ ಹಂಚಿಬಿಟ್ಟನು. ವಿದ್ವಾಂಸರು ಇಂದಿಗೂ ಆ ತುಂಡುಗಳನ್ನು ಹುಡುಕಿ ಜೋಡಿಸುತ್ತಿದ್ದಾರೆ. ಅವರ ಭಾಗ್ಯ ದೊಡ್ಡದು: ತುಂಡುಗಳು ವಾಷಿಂಗ್ಟನ್ನನವಾದುದರಿಂದ ಯಾರೂ ಬಚ್ಚಲ ಒಲೆಗೆ ಹಾಕಲಿಲ್ಲ.

ಕಾಗದ ತನ್ನ ಮನೆಯಲ್ಲಿಯೇ, ತನ್ನ ಜೊತೆಗಾರರ ನಡುವೆಯೇ ಉಳಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಮಲೆನಾಡಿನಲ್ಲಿಯೇ ನಿದರ್ಶನವಿದೆ. 1791ರಲ್ಲಿ ಮರಾಠರ ಸೇನೆಯ ಕಡೆಯವರು ಶೃಂಗೇರಿಯನ್ನು ಕೊಳ್ಳೆಹೊಡೆದ ಮೇಲೆ ಟಿಪ್ಪು ಸುಲ್ತಾನನು ಅಲ್ಲಿನ ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಯಿಸಿ ಕಳುಹಿಸಿದ ಪತ್ರಗಳು ಮಠದ ಕಡತಗಳ ಜೊತೆಯಲ್ಲಿಯೇ ಇದ್ದುವು. 1916ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಅಲ್ಲಿ ಹೋಗಿ ನೋಡಿದಾಗ ಒಂದಲ್ಲ ಎರಡಲ್ಲ, ಸುಮಾರು ಮೂವತ್ತು ಪತ್ರಗಳು ಸಾಲಾಗಿ ದೊರೆತುವು. ಯಾರಾದರೂ ನಮ್ಮಂಥ ರಸಿಕರು ಅದಕ್ಕೆ ಮುಂಚೆ ಹೋಗಿ ಸುಲ್ತಾನನ ಮುದ್ರೆಯನ್ನಷ್ಟೇ ಕತ್ತರಿಸಿ ತಂದಿದ್ದರೆ? ನಮ್ಮ ನೆರೆಯ ಕೆಳದಿಯಲ್ಲಿ ಗುಂಡಾ ಜೋಯಿಸರು ಓಲೆಗರಿ, ಕಡತ, ಕಾಗದಗಳನ್ನು ಮನೆಮನೆಗೆ ತಿರುಗಿ ಕೂಡಿಸಿ ಆ ಊರಿನಲ್ಲಿಯೇ ವಸ್ತುಸಂಗ್ರಹಾಲಯ ಕಟ್ಟಿದರು. ನಾವು ಸೈಕಲ್ ತುಳಿದ ಕಾಲವೂ ಅವರು ತಿರುಗಿದ ಕಾಲವೂ ಹೆಚ್ಚುಕಡಮೆ ಒಂದೇ.

ಗೃಹಸ್ಥರಾದ ವಾಚಕರ ಮನೆಗಳಲ್ಲಿ ಇನ್ನೂ ಒಂದೆರಡು ಗಂಟುಗಳು ಇದ್ದಾವೆಂಬ ಆಸೆಯಿಂದ ಅನುಭವದ ನಾಲ್ಕು ಮಾತು ಹೇಳುತ್ತೇವೆ. ಹರಿದ ಕಾಗದಕ್ಕೆ ಸೆಲೋಟೇಪು ಹಚ್ಚಬೇಡಿ. ಕೆಲವು ವರ್ಷಗಳಲ್ಲಿ ಅದು ಹಳದಿಗೆ ತಿರುಗಿ ಅಕ್ಷರಗಳನ್ನೇ ನುಂಗುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲು ಬಾರದು. ಮೈದಾ ಅಂಟು ಹುಳುವಿಗೆ ಹಬ್ಬದೂಟ. ನಮ್ಮ ಕೆಂಪು ಪುಸ್ತಕವೇ ಸಾಕ್ಷಿ. ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಮೆಲ್ಲಗೆ ಸವರಿ, ತೊಳೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲಿದೆ; ಕಾಗದದ ಎರಡು ಮಗ್ಗುಲನ್ನೂ, ಏನೂ ಬರೆಯದ ಬೆನ್ನನ್ನೂ, ಅಂಚನ್ನೂ ಬಿಡದೆ ಚಿತ್ರ ತೆಗೆದಿಡಿ. ಮಾರುತ್ತೀರಾ ಎಂದು ಕೇಳಿಕೊಂಡು ಬರುವವರೂ ಈಚೆಗೆ ಹೆಚ್ಚಾಗಿದ್ದಾರೆ. 75 ವರ್ಷಕ್ಕೆ ಮಿಕ್ಕ ಐತಿಹಾಸಿಕ ಕಾಗದಪತ್ರಗಳು 1972ರ ಕಾಯಿದೆಯಂತೆ ಪ್ರಾಚೀನ ವಸ್ತುಗಳ ಗಣನೆಗೆ ಬರುತ್ತವೆ, ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸಕೂಡದು ಎಂಬುದನ್ನು ಅವರಿಗೂ ತಿಳಿಸಬಹುದು. ಓದಲು ಬಲ್ಲವರಿಗೆ ಕಾಗದವನ್ನು ತೋರಿಸಿ. ಆದರೆ ಓದುವವನು ನಿಮ್ಮ ಜಗಲಿಯಲ್ಲಿಯೇ ಕುಳಿತು ಓದಲಿ. ಮೇಷ್ಟ್ರೆಂದು ನಂಬಿ ಕೊಟ್ಟು ಕಳುಹಿಸಬೇಡಿ.

2009ರ ಮಳೆಗಾಲ ಮುಗಿದ ಮೇಲೆ ನಾವು ಪೆಟ್ಟಿಗೆಯಲ್ಲಿದ್ದ ಕಾಗದಗಳನ್ನು ಅವುಗಳ ಮನೆಗಳಿಗೆ ತಿರುಗಿ ಕೊಡಲು ಹೊರಟೆವು. ಇದು ಕೂಡಿಸುವುದಕ್ಕಿಂತ ಕಷ್ಟದ ಕೆಲಸ. ಕೆಲವು ಮನೆಗಳೇ ಇಲ್ಲ. ಕೆಲವರು ‘ನಿಮ್ಮಲ್ಲೇ ಇರಲಿ’ ಎಂದು ಕೈಮುಗಿದರು. ಒಂದು ಮನೆಯಲ್ಲಿ ದೇವರ ಗೂಡಿನಲ್ಲಿಟ್ಟು ಅರಿಸಿನ ಕುಂಕುಮ ಹಚ್ಚಿದರು. ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. ತೆಂಗಿನಕಾಯಿಯ ಪಟ್ಟಿಯಿದ್ದ ಕಡತದ ಒಡೆಯರು ಯಾರೆಂದು ಮಾತ್ರ ಮರೆತುಹೋಗಿದೆ. ಆಗ ಬರೆದಿಟ್ಟುಕೊಳ್ಳಲಿಲ್ಲ, ರುಜುವಿರಲಿಲ್ಲವಲ್ಲ! ಆ ಪಟ್ಟಿಯ ಹೆಸರುಗಳನ್ನು ಹಿಡಿದು ಈಗ ಒಂದೊಂದೇ ಊರಿನಲ್ಲಿ ವಿಚಾರಿಸುತ್ತಿದ್ದೇವೆ.

ಅಜ್ಜಿಯ ಮನೆಗೆ ಹೋಗುವಾಗ ಅಮಲ್ದಾರರ ರುಜುವಿನ ಪಟ್ಟಿಯನ್ನು ಕೆಂಪು ಪುಸ್ತಕದಿಂದ ನೀರು ಚಿಮುಕಿಸಿ ಬಿಡಿಸಿಕೊಂಡು ಹೋಗಿದ್ದೆವು. ಜೊತೆಗೆ ಒಂದು ಬಿಳಿಯ ಕಾಗದದ ಮೇಲೆ ನೆನಪಿನಿಂದ ಬರೆದ ಆ ಹಳೆಯ ಮುಚ್ಚಳಿಕೆಯ ನಕ್ಷೆ: ನೇಗಿಲುಗಳು, ಅವುಗಳಲ್ಲಿ ಒಂದಕ್ಕೆ ಮೇಳಿಯಿಲ್ಲ, ಒಂದು ತಕ್ಕಡಿ, ಒಂದು ಬಳೆ. ಮೊಮ್ಮಗ ಎರಡನ್ನೂ ತೆಗೆದುಕೊಂಡನು. ಅಮಲ್ದಾರರನ್ನು ಅಂಗಿಯ ಜೇಬಿಗೆ ಹಾಕಿದನು. ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿ, ಶಾಲೆಗೆ ಹೋಗುವ ಮಗಳನ್ನು ಕರೆದು ತೋರಿಸಿದನು. ಮಗು ಬಳೆಯ ಮೇಲೆ ಬೆರಳಿಟ್ಟು, ‘ಇದು ಎಡಗಡೆ ಇತ್ತಾ, ಬಲಗಡೆ ಇತ್ತಾ ಅಜ್ಜಾ?’ ಎಂದು ಕೇಳಿತು.

ನಾವು ಬಲಗಡೆಯಲ್ಲಿ ಬರೆದಿದ್ದೆವು. ಎಡಗಡೆಯಲ್ಲಿಯೂ ಇದ್ದಿರಬಹುದು ಎಂದೆವು.